ಜನವರಿ ಚಳಿಯಲ್ಲಿ ಕಾರ್ಕಸೋನ್ ಕೋಟೆಗೆ ಇನ್ನೊಮ್ಮೆ ಹೋಗಬಹುದಾ?

ಕದ್ರಿಗುಡ್ಡೆ:
ಎಲ್ಲರಿಗೂ ನಮಸ್ಕಾರ. ಫ್ರಾನ್ಸಿನ ಕಾರ್ಕಸೋನ್ ಕೋಟೆಗೆ 2016ರ ಜುಲೈಯಲ್ಲಿ ಒಮ್ಮೆ ಹೋಗಿದ್ದೆ. ನಿಜ ಹೇಳಬೇಕಾದರೆ ಕೋಟೆ ನೋಡಿದ್ದು ಕಡಿಮೆ, ಮುಂದಿದ್ದವರ ಬೆನ್ನು ನೋಡಿದ್ದೇ ಜಾಸ್ತಿ. ತೇರಿನ ದಿನ ರಥಬೀದಿ ಇರುತ್ತದಲ್ಲ, ಹಾಗೆ. ಈಗ ತಂಗಿ ತುಲೂಸ್‌ನಲ್ಲಿದ್ದಾಳೆ, ಅಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ಅಷ್ಟೆ. ಜನವರಿಯಲ್ಲಿ ಅಮ್ಮನನ್ನೂ ಕರ್ಕೊಂಡು ಹೋಗುವ ಅಂತ ಉಂಟು. ಅಮ್ಮನಿಗೆ 67, ಚಳಿ ಅಂತ ಕಂಡದ್ದು ಮಡಿಕೇರಿಯಲ್ಲಿ ಮಾತ್ರ. ಆಗ ಅಲ್ಲಿ ಎಲ್ಲ ಬಾಗಿಲು ಹಾಕಿರುತ್ತದಾ? ನೋಡಿದ ಕೋಟೆಗೇ ಮತ್ತೆ ದುಡ್ಡು ಹಾಕುವುದು ದಂಡವಾ?

ಮಲ್ಪೆಗಾಳಿ:
ಹೋಗಿ ಮಾರಾಯ್ರೆ. ನಾನು ಎರಡನೇ ಸಲ ಹೋದದ್ದು ಚಳಿಯಲ್ಲೇ. ಕೋಟೆಯೊಳಗಿನ ಊರಿಗೆ ಟಿಕೆಟ್ ಇಲ್ಲ, ಟಿಕೆಟ್ ಬೇಕಾಗುವುದು ಒಳಗಿನ ಅರಮನೆಗೆ ಮತ್ತು ಗೋಡೆ ಮೇಲೆ ನಡೆಯಲಿಕ್ಕೆ. ಅದು ಜನವರಿ 1ಕ್ಕೆ ಮುಚ್ಚಿರುತ್ತದೆ, ಅವತ್ತು ಬಿಟ್ಟು ಹೋಗಿ.

ಹಗಲು 10 ಡಿಗ್ರಿ ಹತ್ತಿರ ಇರುತ್ತದೆ, ಅದೇನೂ ದೊಡ್ಡದಲ್ಲ. ತೊಂದರೆ ಗಾಳಿಯದ್ದು. ವಾಯುವ್ಯದಿಂದ ಬೀಸುವ ಅದಕ್ಕೆ ಅಲ್ಲಿನವರು ಸೆರ್ಸ್ ಅನ್ನುತ್ತಾರೆ. ಹಳೇ ಸೇತುವೆ ಮೇಲೆ ನನ್ನ ಕೊಡೆ ಮಗುಚಿ, ಒಂದು ಕಡ್ಡಿ ಕಿತ್ತು ಬಂದು, ಕೊನೆಗೆ ಊರುಗೋಲಿನ ಹಾಗೆ ಹಿಡ್ಕೊಂಡು ನಡೆದೆ. ಕೊಡೆ ಬೇಡ, ಕಿವಿ ಮುಚ್ಚುವ ಟೊಪ್ಪಿ ಬೇಕು. ಸ್ಟೇಷನ್ನಿನಿಂದ ಕೋಟೆಗೆ ಸುಮಾರು 2 ಕಿಲೋಮೀಟರ್, ಕೊನೆಗೆ ಏರು. ಅಮ್ಮನಿಗೆ ಟ್ಯಾಕ್ಸಿ ಮಾಡಿ.

ಹೊರಗೋಡೆ ಮತ್ತು ಒಳಗೋಡೆ ನಡುವೆ ಅಗಲದ ಜಾಗ ಉಂಟಲ್ಲ, ಅಲ್ಲಿ ಸುಮ್ನೆ ಒಂದು ಸುತ್ತು ಹಾಕಿ. ಒಳಗೋಡೆಯ ಬುಡದಲ್ಲಿ ಸಣ್ಣ ಸಣ್ಣ ಕಲ್ಲು, ಮಧ್ಯೆ ಮಧ್ಯೆ ಕೆಂಪು ಇಟ್ಟಿಗೆಯ ಸಾಲು ಕಾಣುತ್ತದೆ. ಅದು ರೋಮನ್ನರ ಕಾಲದ ಕೆಲಸ. ಅದರ ಮೇಲೆ ದೊಡ್ಡ ಕಲ್ಲು ಶುರುವಾಗುತ್ತದೆ. ಜುಲೈ ಜನರ ನಡುವೆ ನಿಂತು ಇದನ್ನು ನೋಡಲಿಕ್ಕೆ ಆಗುವುದೇ ಇಲ್ಲ.

ಹಂಚಿನಮನೆ:
ಬುರುಜುಗಳ ಮಾಡು, ಅಂದರೆ ಛಾವಣಿ, ನೋಡುವುದು ಮರೀಬೇಡಿ! ನನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿದ್ದವರು, ಹಾಗಾಗಿ ನಾನು ಎಲ್ಲಿ ಹೋದರೂ ಮೊದಲು ಮಾಡೇ ನೋಡುವುದು. ಅಲ್ಲಿ 52 ಬುರುಜುಗಳು. ಹಲವಕ್ಕೆ ಕಪ್ಪು ಸ್ಲೇಟಿನ ಚೂಪು ಟೊಪ್ಪಿ, ಕೆಲವಕ್ಕೆ ಮಾತ್ರ ನಮ್ಮ ಕಡೆಯ ಹಾಗೆ ಕೆಂಪು ಹಂಚು. 1849ರಲ್ಲಿ ಸರಕಾರ ಕೋಟೆ ಕೆಡವಲಿಕ್ಕೇ ಹೊರಟಿತ್ತು, ಊರವರು ಗಲಾಟೆ ಮಾಡಿ ಉಳಿಸಿದರು. 1853ರಿಂದ ವಿಯೊಲೆ-ಲ-ದ್ಯುಕ್ ಅನ್ನುವ ವಾಸ್ತುಶಿಲ್ಪಿ ರಿಪೇರಿ ಶುರು ಮಾಡಿ ಸ್ಲೇಟು ಹಾಕಿಸಿದ್ದು. ಅದು ಉತ್ತರ ಫ್ರಾನ್ಸಿನ ರೀತಿ, ಇಲ್ಲಿಗೆ ಹೊಂದುವುದಿಲ್ಲ ಅಂತ ಬೈದವರು ಬೇಕಾದಷ್ಟು. ನನಗೂ ಹಾಗೇ ಅನಿಸುತ್ತದೆ, ಆದರೆ ಮಳೆ ಬಿದ್ದು ಒದ್ದೆಯಾದಾಗ ಆ ಸ್ಲೇಟು ಚಂದವೇ, ಸುಳ್ಳು ಹೇಳಬಾರದು.

ಬಂದರುಬೀದಿ:
ಊಟದ ವಿಷಯ ಯಾರೂ ಹೇಳಲಿಲ್ಲ. ಅಮ್ಮ ಸಸ್ಯಾಹಾರಿಯಾ? ಆ ಊರಿನ ಹೆಸರಾಂತ ಅಡುಗೆ ಕಸ್ಸುಲೆ. ಮಣ್ಣಿನ ಪಾತ್ರೆಯಲ್ಲಿ ಬಿಳಿ ಬೀನ್ಸ್, ಬಾತುಕೋಳಿ, ಹಂದಿ ಸಾಸೇಜ್. ಚಳಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ, ತಿಂದ ಮೇಲೆ ಮಾತ್ರ ಏಳಲಿಕ್ಕಾಗುವುದಿಲ್ಲ. ಜನವರಿಯಲ್ಲಿ ಕೋಟೆಯೊಳಗೆ ಸುಮಾರು ಹೋಟೆಲ್ ರಜೆ. ಕೆಳಗಿನ ಊರಿನಲ್ಲಿ ಊಟ ಮಾಡಿಯೇ ಹತ್ತಿ.

ಕದ್ರಿಗುಡ್ಡೆ:
ಎಲ್ಲರಿಗೂ ಥ್ಯಾಂಕ್ಸ್. ಜನವರಿ ಎರಡನೇ ವಾರಕ್ಕೆ ಟಿಕೆಟ್ ನೋಡುತ್ತಿದ್ದೇನೆ. ಅಮ್ಮ ಸಸ್ಯಾಹಾರಿಯೇ. ಬೀನ್ಸ್ ಸಂಗತಿ ಓದಿ ಹೇಳಿದೆ, "ಬಾತು ತೆಗೆದು ಕೊಡ್ತಾರಾ ಕೇಳು" ಅಂದರು. ಈಗ ಬ್ಯಾಗಿಗೆ ಗಂಜಿಯ ಅಕ್ಕಿ, ಮಿಡಿ ಉಪ್ಪಿನಕಾಯಿ ಹೋಗಿ ಆಗಿದೆ. ಟೊಪ್ಪಿ ಇನ್ನೂ ತಗೊಂಡಿಲ್ಲ.