ಮನೆ ಗುಂಪಿನಲ್ಲಿ ಒಂದು ಫಾರ್ವರ್ಡ್, ನನ್ನ ಪಂಚಾಯ್ತಿ ಚುನಾವಣೆ

ಹುಬ್ಬಳ್ಳಿ ಕಾಕಾ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಬ್ರೇಕಿಂಗ್!! 18 ತುಂಬಿದ ಯಾರು ಬೇಕಾದರೂ ಇನ್ನು ಎಂಎಲ್‌ಎ, ಎಂಪಿ ಆಗಬಹುದು. ಹೊಸ ಕಾನೂನು ಪಾಸ್. ನಿಮ್ಮ ಮಕ್ಕಳ ಓದು ಹಾಳಾಗುವ ಮೊದಲು ಎಲ್ಲರಿಗೂ ಕಳಿಸಿ.

ಹುಬ್ಬಳ್ಳಿ ಕಾಕಾ: ನಾನು ಮೊದಲೇ ಹೇಳಿದ್ದೆ. ಇನ್ನು ಹುಡುಗರು ಕಾಲೇಜು ಬಿಟ್ಟು ಲೀಡರ್‌ಗಳ ಹಿಂದೆ ಬೈಕ್ ರ‍್ಯಾಲಿ ಮಾಡುತ್ತಾರೆ, ಅಷ್ಟೇ.

ಹಾವೇರಿ ಅತ್ತಿ: ಎಲ್ಲರಿಗೂ ಶುಭ ಸಂಜೆ

ವಕೀಲ ಅಣ್ಣ: ಕಾಕಾ, ಇದು ಎಲ್ಲಿಂದ ಬಂತು? ಯಾವ ಕಾನೂನು, ಯಾವ ತಾರೀಖು? 2023ರ ಆಗಸ್ಟ್‌ನಲ್ಲಿ ಸಂಸತ್ತಿನ ಒಂದು ಸಮಿತಿ ವಯಸ್ಸು ಇಳಿಸಿ ಅಂತ ಶಿಫಾರಸು ಮಾಡಿತ್ತು. ಶಿಫಾರಸು ಬೇರೆ, ಕಾನೂನು ಬೇರೆ. 18 ವೋಟು ಹಾಕುವ ವಯಸ್ಸು. ಎಂಎಲ್‌ಎ, ಎಂಪಿಗೆ ನಿಲ್ಲೋಕೆ 25, ರಾಜ್ಯಸಭೆಗೆ, ವಿಧಾನ ಪರಿಷತ್ತಿಗೆ 30. ಅದು ಸಂವಿಧಾನದಲ್ಲಿದೆ, ಸುಮ್ನೆ ರಾತ್ರೋರಾತ್ರಿ ಬದಲಾಗೋದಿಲ್ಲ.

ಹುಬ್ಬಳ್ಳಿ ಕಾಕಾ: ನಿನಗೆ ಎಲ್ಲದಕ್ಕೂ ದಾಖಲೆ ಬೇಕು. ಹೊಲದ ವಾಟ್ನಿ ಮಾಡಿ ಪಾಲು ಹಂಚುವಾಗಲೂ ಹೀಗೇ ಮಾಡಿದೆ.

ವಕೀಲ ಅಣ್ಣ: ಅದನ್ನು ಈಗ ಯಾಕೆ ತೆಗೆಯುತ್ತೀರಿ? ದಾಖಲೆ ಕೇಳಿದ್ದಕ್ಕೇ ಅವತ್ತು ಬಾಂದಿನ ಜಗಳ ಮುಗಿಯಿತು.

ಹುಬ್ಬಳ್ಳಿ ಕಾಕಾ: ಯಾರಿಗೆ ಮುಗಿಯಿತು?

ದೊಡ್ಡಪ್ಪ: ಇಬ್ಬರೂ ಸುಮ್ಮನಿರಿ. ಹಿಂದಿನವರು ಸ್ವಂತ ಹೊಲ ಮಾರಿ ಊರಿಗೆ ಶಾಲೆ ಕಟ್ಟಿಸುತ್ತಿದ್ದರು. ಈಗಿನವರು ಬ್ಯಾನರಿನಲ್ಲಿ ಕೈ ಮುಗಿದು ನಿಲ್ಲೋದೇ ರಾಜಕಾರಣ ಅಂದುಕೊಂಡಿದ್ದಾರೆ. ಮನೆ ಗೆದ್ದು ಮಾರು ಗೆಲ್ಲು ಅಂತ ಹಿರಿಯರು ಹೇಳಿದ್ದಾರೆ. ಮೊದಲು ಓದು, ಆಮೇಲೆ ನೌಕರಿ, ಸಂಸಾರ. ಅದಾದ ಮೇಲೆ ಊರು.

ಬಸು ಬೆಂಗಳೂರು: ದೊಡ್ಡಪ್ಪ, ನನಗೆ ಅಜ್ಜನ ಚುನಾವಣೆ ನೆನಪಾಯಿತು. 1987, ಮಂಡಲ ಪಂಚಾಯ್ತಿ. ಚಕ್ಕಡಿಗೆ ಮೈಕು ಕಟ್ಟಿದ್ದರು, ಅದು ನಾಲ್ಕು ಮಾತು ಆಡಿ ಕೆಟ್ಟು ಹೋಗುತ್ತಿತ್ತು. ಓಣಿ ಹುಡುಗರೆಲ್ಲ ಹಿಂದೆ ಓಡುತ್ತಿದ್ದೆವು. ಸಂಜೆ ಕಟ್ಟೆ ಮೇಲೆ ಮಂಡಕ್ಕಿ, ಮಿರ್ಚಿ. ಮಂತ್ರಿ ನಜೀರ್ ಸಾಬರ ಬೋರ್‌ವೆಲ್ ನಮ್ಮ ಓಣಿಗೂ ಬರುತ್ತದೆ ಅಂತ ಅಜ್ಜ ಮನೆ ಮನೆಗೆ ಹೇಳಿಕೊಂಡು ಬಂದಿದ್ದರು. ಎಂಥ ಕಾಲ!

ಹಾವೇರಿ ಅತ್ತಿ: ಅಪ್ಪ ಆ ಚುನಾವಣೆ ಯಾರಿಂದ ಸೋತರು ಅಂತಲೂ ಬರಿ ಬಸು.

ಹುಬ್ಬಳ್ಳಿ ಕಾಕಾ: ಅಕ್ಕಾ, ಇಷ್ಟು ವರ್ಷ ಆದರೂ ಅದೇ ಮಾತಾ? ನನ್ನ ಹೆಂಡತಿಯ ತವರಿನವರು ಆ ಕಡೆ ವೋಟು ಹಾಕಿದ್ದನ್ನು ನೀವು ಕಣ್ಣಾರೆ ನೋಡಿದ್ದೀರಾ?

ಹಾವೇರಿ ಅತ್ತಿ: ಊರಿಗೆಲ್ಲ ಗೊತ್ತಿದ್ದದ್ದನ್ನು ಕಣ್ಣಾರೆ ಬೇರೆ ನೋಡಬೇಕಾ?

ನಾನು: ಎಲ್ಲರೂ ಇಲ್ಲೇ ಇದ್ದೀರಿ, ಅದಕ್ಕೆ ಈಗಲೇ ಹೇಳುತ್ತೇನೆ. ಗ್ರಾಮ ಪಂಚಾಯ್ತಿಗೆ ನಿಲ್ಲೋಕೆ 21 ಸಾಕು. ನನಗೆ 23. ಮುಂದಿನ ಚುನಾವಣೆಗೆ ನಮ್ಮ ಊರಿನ ವಾರ್ಡಿನಿಂದ ನಾನು ನಿಲ್ಲಬೇಕು ಅಂತಿದ್ದೇನೆ.

ಅವ್ವ: ಶ್ವೇತಾ, ಇದನ್ನು ನನ್ನ ಮುಂದೆ ಹೇಳದೆ ಇಲ್ಲಿ ಹಾಕಿದೆಯಾ?

ನಾನು: ಅವ್ವಾ, ಮೂರು ಸಲ ಹೇಳಿದೆ. ನೀನು ಪ್ರತಿ ಸಲ ಮೊದಲು ಊಟ ಮಾಡು ಅಂದೆ.

ಹುಬ್ಬಳ್ಳಿ ಕಾಕಾ: ನೋಡಿ! ನಾನು ಏನು ಕಳಿಸಿದ್ದೆ? ನಮ್ಮ ಮನೆಯಲ್ಲೇ ಶುರುವಾಯಿತು. ದುಡ್ಡು ಎಲ್ಲಿದೆ? ಎಂಎಲ್‌ಎ ಚುನಾವಣೆಗೆ ಕೋಟಿ ಕೋಟಿ ಸುರಿಯುತ್ತಾರೆ.

ವಕೀಲ ಅಣ್ಣ: ಅವಳು ಎಂಎಲ್‌ಎಗೆ ನಿಲ್ಲುತ್ತಿಲ್ಲ ಕಾಕಾ. ಅಲ್ಲಿ ಕಾಗದದ ಮೇಲೆ ಖರ್ಚಿನ ಮಿತಿ 40 ಲಕ್ಷ, ಠೇವಣಿ 10,000, ಚಲಾವಣೆಯಾದ ವೋಟಿನಲ್ಲಿ ಆರನೇ ಒಂದು ಭಾಗ ಬರದಿದ್ದರೆ ಅದೂ ಹೋಯಿತು. ಪಂಚಾಯ್ತಿಗೆ ಠೇವಣಿ ನೂರು, ಇನ್ನೂರು ರೂಪಾಯಿಯ ಮಾತು. ಪಕ್ಷದ ಚಿಹ್ನೆಯೂ ಇಲ್ಲ, ಟಿಕೆಟ್‌ಗಾಗಿ ಯಾರ ಮನೆ ಮುಂದೂ ನಿಲ್ಲಬೇಕಿಲ್ಲ.

ಬಸು ಬೆಂಗಳೂರು: ಆದರೆ ಶ್ವೇತಾ, ಹೆಸರಿರುವ ಮನೆತನ ಬೇಕಲ್ವಾ? ನಮ್ಮನ್ನು ಯಾರು ಗುರುತಿಸುತ್ತಾರೆ?

ಹಾವೇರಿ ಅತ್ತಿ: ಹೆಸರೇ ಗೆಲ್ಲಿಸೋದಿಲ್ಲಪ್ಪ. ನಮ್ಮ ಶಿಗ್ಗಾಂವಿ ಉಪಚುನಾವಣೆ ನೋಡಲಿಲ್ವಾ, 2024ರದ್ದು? ಭರತ್ ಬೊಮ್ಮಾಯಿ ಅವರ ಅಜ್ಜನೂ ಮುಖ್ಯಮಂತ್ರಿ ಆಗಿದ್ದವರು, ಅಪ್ಪನೂ ಆಗಿದ್ದವರು. ಆದರೂ ಸೋತರು.

ದೊಡ್ಡಪ್ಪ: ಮಗಳೇ, ನೀನು ಜಾಣೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಳೆ ಮದುವೆಯಾಗಿ ಬೇರೆ ಊರಿಗೆ ಹೋಗುವವಳು. ಹೆಣ್ಣುಮಕ್ಕಳ ಸೀಟಿಗೆ ನಿಂತರೂ ಕೆಲಸ ನಡೆಸೋದು ಗಂಡಸರೇ. ಪಂಚಾಯ್ತಿ ರಾಜಕಾರಣದಲ್ಲಿ ಬಾಯಿ ಹೊಲಸಾಗುತ್ತದೆ, ಹೆಸರೂ ಕೆಡುತ್ತದೆ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ನಾನು: ದೊಡ್ಡಪ್ಪ, ನಾನು ನಿಲ್ಲಬೇಕು ಅಂದುಕೊಂಡದ್ದೇ ಆ ಕಾರಣಕ್ಕೆ. ನಮ್ಮ ರಾಜ್ಯದಲ್ಲಿ ಪಂಚಾಯ್ತಿಯ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಮೀಸಲು. ಕಳೆದ ಸಲ, 2020ರ ಡಿಸೆಂಬರ್‌ನಲ್ಲಿ, ನಮ್ಮ ವಾರ್ಡಿನಿಂದಲೂ ಹೆಣ್ಣುಮಗಳೇ ಗೆದ್ದರು. ಅವರ ಮನೆ ಬಾಗಿಲ ಬೋರ್ಡಿನಲ್ಲಿ ಅವರ ಹೆಸರು ಸಣ್ಣದಾಗಿದೆ, ಕೆಳಗೆ ದಪ್ಪ ಅಕ್ಷರದಲ್ಲಿ ಗಂಡನ ಮೊಬೈಲ್ ನಂಬರ್. ನಾನು ಗ್ರಾಮ ಸಭೆಗೆ ಹೋಗಿದ್ದೆ. ಮುಂದಿನ ಕುರ್ಚಿಯಲ್ಲಿ ಗಂಡ ಕೂತಿದ್ದರು. ಗೆದ್ದ ಸದಸ್ಯೆ ಹೊರಗೆ ಕಟ್ಟೆ ಮೇಲೆ ಸೆರಗು ಹೊದ್ದು ಕೂತಿದ್ದರು, ರಿಜಿಸ್ಟರ್ ಅವರಿದ್ದಲ್ಲಿಗೇ ಬಂತು, ಸಹಿ ಹಾಕಿದರು, ವಾಪಸ್ ಹೋಯಿತು. ಒಳಗೆ ಏನು ಓದಿದರು ಅಂತ ಯಾರೂ ಅವರಿಗೆ ಹೇಳಲಿಲ್ಲ. ಚಹಾ ಬರುವ ಮೊದಲೇ ಕ್ರಿಯಾ ಯೋಜನೆ ಪಾಸಾಯಿತು. ಕೆಳಗಿನ ಓಣಿಯಲ್ಲಿ ನಲ್ಲಿ ನೀರು ಬರೋದು ಎಂಟು ದಿನಕ್ಕೊಮ್ಮೆ, ನೀರು ಯಾವಾಗ ಬಿಡುತ್ತಾರೆ ಅಂತ ವಾಟರ್‌ಮನ್‌ಗೆ ಫೋನ್ ಮಾಡೋದು ನಮ್ಮ ಅವ್ವಂದಿರು, ಕೊಡ ಹೊರುವವರೂ ಅವರೇ. ಆ ಮಾತು ಸಭೆಯಲ್ಲಿ ಬರಲೇ ಇಲ್ಲ. ಉದ್ಯೋಗ ಖಾತ್ರಿ ಪಟ್ಟಿಯಲ್ಲಿ ಯಾರ ಹೆಸರಿದೆ, ಮನೆ ಜಾಗದ ಇ-ಸ್ವತ್ತು ದಾಖಲೆ ಯಾಕೆ ತಿಂಗಳುಗಟ್ಟಲೆ ಆಗೋದಿಲ್ಲ ಅಂತ ಪಂಚಾಯ್ತಿ ಅಧಿಕಾರಿ ಪಿಡಿಒ ಹತ್ತಿರ ಕೇಳಿದರೆ, ನೀವು ಯಾರು ಅಂತ ಕೇಳುತ್ತಾರೆ. ನಾನು ಸದಸ್ಯೆ ಆದರೆ, ನೀವು ಯಾರು ಅಂತ ಅವರು ಕೇಳೋಕೆ ಆಗೋದಿಲ್ಲ.

ನಾನು: ಇನ್ನೊಂದು. ರಾಜಸ್ಥಾನದಲ್ಲಿ ಸಂಜನಾ ಜಾಟವ್ ಅಂತ ಇದ್ದಾರೆ. ಮೊದಲು ಜಿಲ್ಲಾ ಪರಿಷತ್ ಸದಸ್ಯೆ. 2023ರಲ್ಲಿ ವಿಧಾನಸಭೆಗೆ ನಿಂತು ಬರೀ 409 ವೋಟಿನಿಂದ ಸೋತರು. ಮರುವರ್ಷ ಭರತ್‌ಪುರದ ಎಂಪಿ ಆದರು. ಶುರು ಮಾಡಿದ್ದು ಮದುವೆಯಾದ ಮೇಲೆ, ಗಂಡನ ಊರಿನಿಂದ. ನಾನು ಸೋತರೂ ಪರವಾಗಿಲ್ಲ, ಆದರೆ ನನ್ನ ಬದಲು ಯಾರೂ ಕುರ್ಚಿಯಲ್ಲಿ ಕೂರಬಾರದು. ಅಪ್ಪನೂ ಕೂರಬಾರದು.

ಅಪ್ಪ: ನಾನು ಕೂರೋದಿಲ್ಲವ್ವ.

ಹುಬ್ಬಳ್ಳಿ ಕಾಕಾ: ಅಣ್ಣಾ, ನಿನಗೆ ಮೊದಲೇ ಗೊತ್ತಿತ್ತಾ? ಎಲ್ಲರಿಗೂ ಗೊತ್ತಿರುತ್ತದೆ, ನನಗೆ ಮಾತ್ರ ಕೊನೆಗೆ. ಮನೆ ಶಾಂತಿಗೂ ಹೀಗೇ ಮಾಡಿದಿರಿ.

ಹಾವೇರಿ ಅತ್ತಿ: ಮನೆ ಶಾಂತಿಗೆ ನಿನಗೆ ಫೋನ್ ಬಂತು. ನನಗೆ ಬಂದದ್ದು ವಾಟ್ಸಾಪ್‌ನಲ್ಲಿ ಒಂದು ಫೋಟೋ.

ವಕೀಲ ಅಣ್ಣ: ಶ್ವೇತಾ, ಮತದಾರರ ಪಟ್ಟಿಯಲ್ಲಿ ನಿನ್ನ ಹೆಸರು ಊರಲ್ಲಿದೆಯೋ ಧಾರವಾಡದಲ್ಲಿದೆಯೋ ನೋಡು. ಊರಲ್ಲಿ ಇಲ್ಲದಿದ್ದರೆ ಉಳಿದದ್ದೆಲ್ಲ ದಂಡ. ವಾರ್ಡಿನ ಮೀಸಲಾತಿ ಪಟ್ಟಿ ಬರುವವರೆಗೆ ಯಾರಿಗೂ ಮಾತು ಕೊಡಬೇಡ. ಗುಡಿ ಮುಂದೆ ಕೂರಿಸಿ ಅವಿರೋಧ ಮಾಡೋಣ, ಇಷ್ಟು ಕೊಡಿ ಅಂದರೆ ಎದ್ದು ಬಾ. ಸೀಟು ಹರಾಜು ಹಾಕೋದು ಅಪರಾಧ.

ನಾನು: ಊರಲ್ಲೇ ಇದೆ ಅಣ್ಣಾ. ಎಂಎಸ್‌ಡಬ್ಲ್ಯೂ ಓದು ಮುಗಿದ ಮೇಲೂ ಧಾರವಾಡಕ್ಕೆ ಬದಲಾಯಿಸಿಲ್ಲ.

ದೊಡ್ಡಪ್ಪ: ನಾನು ಒಪ್ಪಿದೆ ಅಂತ ಯಾರೂ ತಿಳಿಯಬೇಡಿ. ಆದರೆ ನಾಮಪತ್ರದ ಕಾಗದವನ್ನು ನನಗೆ ತೋರಿಸದೆ ಕೊಡಬೇಡ, ನಿನ್ನ ಕನ್ನಡದಲ್ಲಿ ಒತ್ತಕ್ಷರ ತಪ್ಪುತ್ತವೆ.

ಹುಬ್ಬಳ್ಳಿ ಕಾಕು: ಇಷ್ಟು ಹೊತ್ತು ಓದುತ್ತಿದ್ದೆ, ಈಗ ನಾನೂ ಒಂದು ಮಾತು ಹೇಳುತ್ತೇನೆ. ಆ ವಾರ್ಡಿನಲ್ಲಿ ನನ್ನ ತವರಿನವು ಹದಿನಾಲ್ಕು ವೋಟು ಇವೆ. ಶ್ವೇತಾ, ಭಾನುವಾರ ಊರಿಗೆ ಬಾ, ನಾನೂ ಬರುತ್ತೇನೆ. ಸೂಚಕರ ಸಹಿ ನಮ್ಮಣ್ಣನೇ ಹಾಕುತ್ತಾನೆ.

ಹುಬ್ಬಳ್ಳಿ ಕಾಕಾ: ನನ್ನನ್ನು ಒಂದು ಮಾತು ಕೇಳೋದಿಲ್ವಾ?

ಹಾವೇರಿ ಅತ್ತಿ: ಸಹಿ ಹಾಕಿದರೆ ಸಾಲದು, ಈ ಸಲ ವೋಟೂ ಹಾಕಲಿ.

ಹುಬ್ಬಳ್ಳಿ ಕಾಕು: ಅಕ್ಕಾ, ಭಾನುವಾರ ನೀವೂ ಬನ್ನಿ. ಅವನ ಎದುರಿಗೇ ಕೇಳಿ.