ಸರ್ಫಿಂಗ್ ಅಪ್‌ಡೇಟ್: ಮಂಗಳೂರು ಹತ್ತಿರದ ಸಸಿಹಿತ್ಲುವಿನಲ್ಲಿ ಕೊನೆಗೂ ನೇರ ದಡಕ್ಕೆ ಬರದೆ ಅಲೆಯ ಜೊತೆ ಅಡ್ಡ ಹೋದೆ!

ಎರಡು ತಿಂಗಳ ಹಿಂದೆ ಕೇಳಿದ್ದೆ: ಒಡೆದ ಅಲೆಯ ನೊರೆಯಲ್ಲಿ ಬೋರ್ಡ್ ಮೇಲೆ ಆರಾಮಾಗಿ ಎದ್ದು ನಿಲ್ಲುತ್ತೇನೆ, ಆದರೆ ಇನ್ನೂ ಒಡೆಯದ ಅಲೆ ಹಿಡಿಯಲು ಹೋದರೆ ಬೋರ್ಡಿನ ಮೂತಿ ನೀರಿಗೆ ನುಗ್ಗಿ ಬೀಳುತ್ತೇನೆ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ತಪ್ಪು ಏಳುವುದರಲ್ಲಿ ಇರಲೇ ಇಲ್ಲ. ಪ್ಯಾಡಲ್ ಮಾಡುವುದು (ಬೋರ್ಡ್ ಮೇಲೆ ಮಲಗಿ ಕೈಯಲ್ಲಿ ನೀರು ತಳ್ಳುವುದು) ತಡವಾಗುತ್ತಿತ್ತು, ಅಷ್ಟರಲ್ಲಿ ಅಲೆ ಗೋಡೆಯ ಹಾಗೆ ಎದ್ದು ನಿಂತಿರುತ್ತಿತ್ತು. ಈಗ ಬೇಗ ಶುರು ಮಾಡುತ್ತೇನೆ. ಬೋರ್ಡಿನ ಹಿಂಬದಿ ಮೇಲೇಳುತ್ತಿದೆ ಅನ್ನಿಸಿದ ಮೇಲೂ ಇನ್ನೆರಡು ಸಲ ಜೋರಾಗಿ ಕೈ ಹಾಕಿ, ಬೋರ್ಡನ್ನು ನೇರ ದಡಕ್ಕೆ ಬಿಡದೆ ಸ್ವಲ್ಪ ಓರೆ ಮಾಡಿಕೊಂಡು ಆಮೇಲೆ ಏಳುತ್ತೇನೆ.

ಜಾಸ್ತಿ ಬದಲಾಗಿದ್ದು ನೋಟ. ಮೊದಲು ಸುಮ್ನೆ ಕಾಲನ್ನೇ ನೋಡುತ್ತಿದ್ದೆ. ಮೊನ್ನೆ ಬೆಳಿಗ್ಗೆ ಗಾಳಿ ಏಳುವ ಮೊದಲು, ನದಿ ಸಮುದ್ರ ಸೇರುವ ಅಳಿವೆ ಬಾಗಿಲ ಹತ್ತಿರ, ಸೊಂಟದೆತ್ತರದ ಒಂದು ಅಲೆ ಬಂತು. ಮುಂದೆ ಇನ್ನೂ ಒಡೆಯದ ನೀರಿನ ಕಡೆ ಕಣ್ಣಿಟ್ಟೆ. ಭುಜ ತಿರುಗಿತು, ಹಿಂದೆಯೇ ಸೊಂಟ, ಬೋರ್ಡ್ ತಾನಾಗಿಯೇ ತಿರುಗಿತು. ಬೆರಳಿನ ತುದಿ ಅಲೆಗೆ ತಾಗುತ್ತಿತ್ತು, ನೊರೆಯ ಸದ್ದು ಬೆನ್ನ ಹಿಂದೆ. ಎಷ್ಟು ಖುಷಿ ಆಯಿತು ಅಂದರೆ ದಡಕ್ಕೆ ಬಂದು ಕೂಗಿಬಿಟ್ಟೆ.

ಚಿಕ್ಕ ಬೋರ್ಡ್ ಬೇಡ ಅಂದಿದ್ದಿರಲ್ವಾ, ಸರಿಯೇ. ಈ ಸೀಸನ್ ಪೂರ್ತಿ 8 ಅಡಿಯ ಫೋಮ್ ಬೋರ್ಡೇ ಇರಲಿ. ಎಡಕ್ಕೆ ಹೋಗುವುದು ಮಾತ್ರ ಇನ್ನೂ ಬರುತ್ತಿಲ್ಲ, ಮುಂದಿನ ವಾರ ಅದನ್ನೇ ಹಿಡಿಯುತ್ತೇನೆ.