ಸಹಾಯ ಬೇಕು: ದಿನಕ್ಕೆ ಒಂದೇ ಗಂಟೆ, ಆಯಿಲ್ ಪೇಂಟಿಂಗ್ ಮುಂದೆ ಹೋಗ್ತಿಲ್ಲ
ಕೆಲಸ ಮುಗಿದ ಮೇಲೆ ಸಿಗೋದು ಒಂದು ಗಂಟೆ, ವಾರಕ್ಕೆ 4 ದಿನ. ಆಯಿಲ್ ಬಿಡೋಕೆ ಮನಸ್ಸಿಲ್ಲ, ಇಡೀ ದಿನದಲ್ಲಿ ನನ್ನದು ಅನ್ನಿಸೋದು ಆ ಗಂಟೆ ಮಾತ್ರ. ಆದರೆ ಅದರಲ್ಲಿ 25 ನಿಮಿಷ ಹಿಂದಿನ ಬಣ್ಣ ಮತ್ತೆ ಕಲಸೋದಕ್ಕೇ ಹೋಗುತ್ತೆ, ಆದರೂ ಹೊಂದಲ್ಲ.

ಕಾರಣ ಅರ್ಧ ಗೊತ್ತು. ಕೆಳಪದರಕ್ಕೆ ಬರ್ಂಟ್ ಅಂಬರ್ (ಗಾಢ ಕಂದು ಬಣ್ಣ) ಅನ್ನು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಹಚ್ಚಿದ್ದೆ. ಅದು ಬೇಗ ಒಣಗಿ ಮೇಲಿನ ಪದರದ ಎಣ್ಣೆ ಹೀರುತ್ತೆ. ಚಿತ್ರದಲ್ಲಿರೋ ಮುಖದ ಕೆನ್ನೆಯ ನೆರಳು ಬೂದಿ ಸವರಿದ ಹಾಗೆ ಮಂಕಾಗಿ, ಇರೋದಕ್ಕಿಂತ ತಿಳಿಯಾಗಿ ಕಾಣುತ್ತೆ. ಅದನ್ನು ನೋಡ್ಕೊಂಡು ಕಲಸಿದರೆ ಹೊಸ ಬಣ್ಣ ತಪ್ಪೇ ಬರೋದು.

ಆ ಮಂಕಾದ ಜಾಗಕ್ಕೆ ಲಿನ್ಸೀಡ್ (ಅಗಸೆ) ಎಣ್ಣೆ ಒಂದೆರಡು ಹನಿ ಬಟ್ಟೆಯಲ್ಲಿ ಸವರಿ, ಹೆಚ್ಚಾದದ್ದು ಒರೆಸಿದರೆ ನಿಜವಾದ ಬಣ್ಣ ಎದ್ದು ಬರುತ್ತೆ. ಪ್ರತಿ ಸಲ ಹೀಗೆ ಮಾಡಿದರೆ ಎಣ್ಣೆ ಕೂಡ್ಕೊಂಡು ಮುಂದೆ ಹಳದಿಗಟ್ಟೋ ಭಯ. ಕಲಸಿದ ಬಣ್ಣ ಒಣಗದಿರಲಿ ಅಂತ ಪ್ಯಾಲೆಟ್ (ಬಣ್ಣ ಕಲಸೋ ಹಲಗೆ) ಫ್ರೀಜರ್‌ನಲ್ಲಿಟ್ಟೆ: ಟೈಟಾನಿಯಂ ವೈಟ್, ಕ್ಯಾಡ್ಮಿಯಂ ರೆಡ್ ಹಸಿಯಾಗೇ ಉಳಿದವು, ಅಂಬರ್ ಕೆನೆಗಟ್ಟಿತು. ಲವಂಗದ ಎಣ್ಣೆ ಸೇರಿಸಿದರೆ ಪ್ಯಾಲೆಟ್ ಹಸಿಯಾಗಿರುತ್ತೆ ಸರಿ, ಕ್ಯಾನ್ವಾಸೂ ಒಣಗಲ್ಲ!

ಹೀಗೆ ಚೂರು ಚೂರು ಸಮಯದಲ್ಲೇ ವರ್ಷಗಟ್ಟಲೆ ಚಿತ್ರ ಮಾಡಿದವರು ದಯವಿಟ್ಟು ಹೇಳಿ: ಮುಖ್ಯವಾದ 4-5 ಛಾಯೆ ಒಂದೇ ಸಲ ಕಲಸಿ ಖಾಲಿ ಟ್ಯೂಬ್‌ಗೆ ತುಂಬಿಟ್ಟುಕೊಳ್ಳೋದಾ? ಇಲ್ಲಾ ದಿನಕ್ಕೊಂದು ಭಾಗ, ಕೆನ್ನೆ ಮಾತ್ರ, ಕೈ ಮಾತ್ರ, ಪೂರ್ತಿ ಮುಗಿಸೋದಾ? ಎರಡನೆಯದಾದರೆ, ಒಣಗಿದ ಅಂಚಿಗೆ ಹಸಿ ಬಣ್ಣವನ್ನು ಗೆರೆ ಕಾಣದ ಹಾಗೆ ಹೇಗೆ ಸೇರಿಸ್ತೀರಿ?